ಓದಿಸಲು ಹಣವುಂಟು, ದುಡಿಸಲು ಹಣವಿಲ್ಲ

ಆರೋಗ್ಯ ಸಿಬ್ಬಂದಿಯ ವಿಷಯದಲ್ಲಿ ಅತ್ಯಂತ ದುರ್ಬಲವಾಗಿರುವ ದೇಶಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿ ಇಟ್ಟುಕೊಂಡಿದೆ. 2023ರಲ್ಲಿ ಪರಿಷ್ಕರಣೆಗೊಂಡ ಆ ಪಟ್ಟಿಯಲ್ಲಿ 55 ದೇಶಗಳಿದ್ದು, ಪಶ್ಚಿಮ ಆಫ್ರಿಕಾದ ಘಾನಾ ಅವುಗಳಲ್ಲೊಂದು. ಇದೇ ಘಾನಾದ ರಾಜಧಾನಿ ಅಕ್ರಾದಲ್ಲಿ ಆರೋಗ್ಯ ಸಚಿವಾಲಯದ ಮುಂದೆ ಆಗಾಗ ಧರಣಿ ನಡೆಯುತ್ತದೆ. ಆಸ್ಪತ್ರೆಯಲ್ಲಿ ನರ್ಸ್‌ಗಳಿಲ್ಲವೆಂದು ರೋಗಿಗಳು ಧರಣಿ ಕೂತಿರಬೇಕು ಎಂದು ನೀವು ಊಹಿಸಿದರೆ ನಿಮಗೆ ಸಾಮಾನ್ಯ ಜ್ಞಾನ ಮಾತ್ರ ಇದೆ, ಆಡಳಿತದ ಜ್ಞಾನವಿಲ್ಲ ಎಂದು ಅರ್ಥ. ಅಲ್ಲಿ ಕೂರುವವರು ನರ್ಸ್‌ಗಳೇ. ಸರ್ಕಾರದ ಕಾಲೇಜಿನಲ್ಲಿ, ಸರ್ಕಾರದ ಭತ್ಯೆ ಪಡೆದು ಓದಿ, ಪರವಾನಗಿ ಪರೀಕ್ಷೆ ಪಾಸು ಮಾಡಿ, ಸರ್ಕಾರ ಕೆಲಸ ಕೊಡಲಿ ಎಂದು ವರ್ಷಗಟ್ಟಲೆ ಕಾದವರು. ನರ್ಸ್‌ಗಳ ಕೊರತೆಯಿರುವ ದೇಶದಲ್ಲಿ ನಿರುದ್ಯೋಗಿ ನರ್ಸ್‌ಗಳು ಸಾಲುಗಟ್ಟಿ ನಿಂತಿದ್ದಾರೆ. ಕೊರತೆಯೂ ನಿಜ, ಸಾಲೂ ನಿಜ, ಎರಡನ್ನೂ ಏಕಕಾಲಕ್ಕೆ ಸಾಧಿಸಿದ್ದು ಒಂದು ಸರ್ಕಾರದಿಂದ ಮಾತ್ರ ಆಗುವ ಕೆಲಸ.

ಇದನ್ನು ವೈಫಲ್ಯವೆಂದು ಕರೆಯುವುದು ಅನ್ಯಾಯ. ವಿದ್ಯಾರ್ಥಿವೇತನ ಮತ್ತು ಸಂಬಳ ಇವೆರಡರ ನಡುವಿನ ತಾರತಮ್ಯವನ್ನು ತಾಳ್ಮೆಯಿಂದ ಅರಿತರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಿದ್ಯಾರ್ಥಿವೇತನಕ್ಕೆ ವೇದಿಕೆಯಿದೆ, ಉದ್ಘಾಟನೆಯಿದೆ, ಸಮವಸ್ತ್ರ ತೊಟ್ಟು ಚಪ್ಪಾಳೆ ತಟ್ಟುವ ಯುವಜನರಿದ್ದಾರೆ, ಅವರ ಹಿಂದೆ ಮತ ಹಾಕುವ ತಂದೆತಾಯಿಯರಿದ್ದಾರೆ. ತಿಂಗಳ ಸಂಬಳಕ್ಕೆ ಇವು ಯಾವುವೂ ಇಲ್ಲ. ಯಾವ ಮಂತ್ರಿಯೂ ಮೂವತ್ತನೇ ತಾರೀಕಿನಂದು ನರ್ಸ್ ಒಬ್ಬಳ ಬ್ಯಾಂಕ್ ಖಾತೆಯ ಮುಂದೆ ನಿಂತು ದೀಪ ಬೆಳಗಿದ್ದನ್ನು ಯಾರೂ ಕಂಡಿಲ್ಲ. ಅದೂ ಅಲ್ಲದೆ ವಿದ್ಯಾರ್ಥಿವೇತನ ಮೂರು ನಾಲ್ಕು ವರ್ಷಗಳಲ್ಲಿ ತಾನಾಗಿಯೇ ಮುಗಿಯುವ ಸಭ್ಯ ವೆಚ್ಚ, ಸಂಬಳವಾದರೋ ಮೂವತ್ತು ವರ್ಷ ಬೆನ್ನು ಬಿಡದೆ, ನಡುನಡುವೆ ಹೆಚ್ಚಳವನ್ನೂ ಕೇಳುತ್ತ, ಕೊನೆಗೆ ಪಿಂಚಣಿಯಾಗಿ ರೂಪಾಂತರ ಹೊಂದುವ ಪೀಡೆ. ಯಾವ ಬುದ್ಧಿವಂತ ಹಣಕಾಸು ಮಂತ್ರಿ ಯಾವುದನ್ನು ಆರಿಸಿಕೊಂಡಾನು?

ವಿದೇಶಿ ದಾನಿಗಳ ಅಭಿರುಚಿಯೂ ಇದಕ್ಕಿಂತ ಭಿನ್ನವಲ್ಲ. ಬಡ ದೇಶದ ಪ್ರತಿಭಾವಂತ ಹುಡುಗಿಯೊಬ್ಬಳ ಶುಲ್ಕ ಕಟ್ಟಲು ಅವರು ಸಂತೋಷದಿಂದ ಮುಂದೆ ಬರುತ್ತಾರೆ, ಅವಳ ಫೋಟೋವನ್ನು ವಾರ್ಷಿಕ ವರದಿಯ ಮುಖಪುಟದಲ್ಲಿ ಹಾಕುತ್ತಾರೆ. ಅವಳೇ ನರ್ಸಾಗಿ ಸಂಬಳ ಕೇಳಿದ ದಿನ, ಅದು ಸುಸ್ಥಿರವಲ್ಲ ಎಂದು ವಿನಯದಿಂದ ತಿಳಿಸುತ್ತಾರೆ. ಈ ನಿಯಮಕ್ಕೆ ಅಪವಾದವಾಗಿ ಮಲಾವಿಯಲ್ಲಿ 2004ರಿಂದ ಬ್ರಿಟನ್ ಮೊದಲಾದವರ ನೆರವಿನಿಂದ ಆರೋಗ್ಯ ಸಿಬ್ಬಂದಿಯ ಸಂಬಳಕ್ಕೇ ಶೇ 52ರಷ್ಟು ಹೆಚ್ಚುವರಿ ಸೇರಿಸಿ ಕೊಡುವ ತುರ್ತು ಕಾರ್ಯಕ್ರಮವೊಂದು ನಡೆಯಿತು. ಸಿಬ್ಬಂದಿಯ ಸಂಖ್ಯೆ ಏರಿತು. ಸಂಬಳ ಕೊಟ್ಟರೆ ಜನ ಕೆಲಸಕ್ಕೆ ಬರುತ್ತಾರೆ ಎಂಬ ಈ ಆಘಾತಕಾರಿ ಸಂಶೋಧನೆಯನ್ನು ಬೇರೆಡೆ ಅಷ್ಟಾಗಿ ಪ್ರಯೋಗಿಸಲು ಹೋಗದಿರುವುದು ದಾನಿಗಳ ವಿವೇಕಕ್ಕೆ ಸಾಕ್ಷಿ.

ಘಾನಾದ ಭತ್ಯೆಯ ಚರಿತ್ರೆಗೆ ಮರಳೋಣ. ನರ್ಸಿಂಗ್ ವಿದ್ಯಾರ್ಥಿಗಳಿಗೆ ತಿಂಗಳ ಭತ್ಯೆ ಕೊಡುವುದು ಅಲ್ಲಿ ಹಳೆಯ ಪದ್ಧತಿ. ಅಧ್ಯಕ್ಷ ಜಾನ್ ಮಹಾಮಾ ಅವರ ಸರ್ಕಾರ 2014ರ ಹೊತ್ತಿಗೆ ಅದನ್ನು ನಿಲ್ಲಿಸಿ, ಬೇಕಿದ್ದವರು ಸಾಲ ಪಡೆಯಲಿ ಎಂದಿತು. ಭತ್ಯೆಗೆ ಎಷ್ಟು ಹಣವಿದೆಯೋ ಅಷ್ಟೇ ಮಂದಿಗೆ ಸೀಟು ಎಂಬ ಕಟ್ಟು ಬಿಚ್ಚಿದರೆ ಇನ್ನೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬಹುದು ಎಂಬುದು ಅದರ ವಾದ. ವಾದದಲ್ಲಿ ಹುರುಳಿತ್ತು, ಮತ ಇರಲಿಲ್ಲ. 2016ರ ಚುನಾವಣೆಯಲ್ಲಿ ವಿರೋಧ ಪಕ್ಷ ಭತ್ಯೆಯನ್ನು ಮರಳಿ ತರುವ ಭರವಸೆ ಕೊಟ್ಟು ಗೆದ್ದಿತು. 2017ರ ಅಕ್ಟೋಬರ್‌ನಲ್ಲಿ ಸುನ್ಯಾನಿ ಪಟ್ಟಣದಲ್ಲಿ ಹೊಸ ಅಧ್ಯಕ್ಷ ನಾನಾ ಅಕುಫೊ-ಅಡ್ಡೊ ಅವರೇ ಬಂದು ಅದಕ್ಕೆ ವಿಧ್ಯುಕ್ತ ಚಾಲನೆ ನೀಡಿದರು. 2020ರ ಚುನಾವಣೆಯ ವೇಳೆಗೆ, ಹಿಂದೆ ಭತ್ಯೆ ನಿಲ್ಲಿಸಿದ್ದ ಪಕ್ಷವೂ ತಾನು ಬಂದರೆ ಅದನ್ನು ಮುಂದುವರಿಸುವುದಾಗಿ ಮಾತು ಕೊಟ್ಟಿತು. ಕಲಿಕೆಯೆಂಬುದು ಕಾಲೇಜಿನಲ್ಲಿ ಮಾತ್ರ ನಡೆಯುತ್ತದೆ ಎಂದು ಯಾರು ಹೇಳಿದರು?

ಭತ್ಯೆಯ ಮೊತ್ತ ಘಾನಾದ ಹಣದಲ್ಲಿ ತಿಂಗಳಿಗೆ 400 ಸೆಡಿ. ಈ ನಾನೂರರ ಸ್ಥಿತಪ್ರಜ್ಞತೆಯನ್ನು ಮೆಚ್ಚಲೇಬೇಕು. 2022ರ ಡಿಸೆಂಬರ್‌ನಲ್ಲಿ ಘಾನಾದ ಹಣದುಬ್ಬರ ಶೇ 54.1ಕ್ಕೆ ಏರಿ, ಡಾಲರ್‌ನ ಎದುರು ಸೆಡಿ ನೆಲ ಕಚ್ಚಿ, ಅಕ್ಕಪಕ್ಕದ ಎಲ್ಲ ಬೆಲೆಗಳೂ ತಲೆಕೆಟ್ಟು ಓಡುತ್ತಿದ್ದಾಗಲೂ ಅದು ಒಂದಂಗುಲವೂ ಅಲುಗದೆ ನಾನೂರಾಗಿಯೇ ಉಳಿಯಿತು. ಅದೂ ತಿಂಗಳು ತಿಂಗಳು ಬರುತ್ತಿತ್ತೆಂದು ತಿಳಿಯಬಾರದು. ಬಾಕಿ ಕೊಡಿ ಎಂದು ವಿದ್ಯಾರ್ಥಿ ಸಂಘಟನೆಗಳು ಪದೇಪದೇ ಹೇಳಿಕೆ ಕೊಡುವುದು ಅಲ್ಲಿನ ಪಠ್ಯಕ್ರಮದ ಅಘೋಷಿತ ಭಾಗವೇ ಆಗಿಬಿಟ್ಟಿತ್ತು. ಸರ್ಕಾರಿ ವ್ಯವಸ್ಥೆಯಲ್ಲಿ ಕಾಯುವುದು ಹೇಗೆ ಎಂಬುದರ ತರಬೇತಿಯನ್ನು ಸರ್ಕಾರವು ಮುಂಚಿತವಾಗಿ, ಪ್ರತ್ಯೇಕ ಶುಲ್ಕವಿಲ್ಲದೆ, ಒದಗಿಸಿತು ಎಂದು ನಾವು ಇದನ್ನು ಗ್ರಹಿಸಬೇಕು.

ಆ ತರಬೇತಿ ಕೋರ್ಸ್ ಮುಗಿದ ಮೇಲೆ ಉಪಯೋಗಕ್ಕೆ ಬರುತ್ತದೆ. ನರ್ಸ್‌ಗಳನ್ನು ಓದಿಸುವುದು ಆರೋಗ್ಯ ಸಚಿವಾಲಯ. ಅವರನ್ನು ನೇಮಿಸಿಕೊಳ್ಳಲು ಒಪ್ಪಿಗೆ ಕೊಡಬೇಕಾದದ್ದು ಹಣಕಾಸು ಸಚಿವಾಲಯ. ಈ ಒಪ್ಪಿಗೆಗೆ ‘ಕ್ಲಿಯರೆನ್ಸ್’ ಎಂದು ಹೆಸರು. ಘಾನಾದ ಯುವ ನರ್ಸ್‌ಗಳಲ್ಲಿ ಈ ಪದ ಉಂಟುಮಾಡುವ ಭಾವನೆಯನ್ನು ಮುಕ್ತಿ, ಮೋಕ್ಷ ಮುಂತಾದ ಪದಗಳು ನಮ್ಮಲ್ಲೂ ಉಂಟುಮಾಡಲಾರವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಇಲ್ಲಿ ಒಂದಿಷ್ಟೂ ತಿದ್ದದೆ ಹೊಂದುತ್ತದೆ, ದೇವರೂ ಪೂಜಾರಿಯೂ ಒಂದೇ ಸಂಪುಟದಲ್ಲಿ ಅಕ್ಕಪಕ್ಕ ಕೂರುವವರು ಎಂಬ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ. ಇಷ್ಟು ಮಂದಿಯನ್ನು ಓದಿಸುತ್ತಿದ್ದೇವೆ, ಇಂಥ ವರ್ಷ ಇವರು ಹೊರಬರುತ್ತಾರೆ ಎಂಬ ಸಂಗತಿ ಮೂರು ವರ್ಷ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಆದರೂ ಪ್ರತಿ ತಂಡ ಹೊರಬಂದಾಗಲೂ ಹಣಕಾಸು ಸಚಿವಾಲಯ ಅನಿರೀಕ್ಷಿತ ಅತಿಥಿಗಳನ್ನು ಕಂಡವರಂತೆ ಬೆಚ್ಚಿಬೀಳುತ್ತದೆ.

2022ರ ನವೆಂಬರ್‌ನಲ್ಲಿ ಮುಂದಿನ ವರ್ಷದ ಬಜೆಟ್ ಮಂಡಿಸುವಾಗ ಸರ್ಕಾರಿ ನೇಮಕಾತಿಗೇ ತಡೆಯೊಡ್ಡುವುದಾಗಿ ಸರ್ಕಾರ ಘೋಷಿಸಿತು. ದೇಶ ಸಾಲದಲ್ಲಿ ಮುಳುಗಿತ್ತು. 2023ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ 300 ಕೋಟಿ ಡಾಲರ್‌ಗಳ ನೆರವಿಗೆ ಒಪ್ಪಿತು. ಹೀಗೆ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿಯ ಪ್ರಕಾರ ಘಾನಾಕ್ಕೆ ಇನ್ನಷ್ಟು ನರ್ಸ್‌ಗಳು ಬೇಕೇಬೇಕು, ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ ಮೆಚ್ಚಬೇಕಾದರೆ ಸರ್ಕಾರದ ಸಂಬಳದ ಲೆಕ್ಕ ಹಿಗ್ಗಬಾರದು. ಎರಡೂ ಸಂಸ್ಥೆಗಳ ವರದಿಗಳು ಉತ್ತಮ ಕಾಗದದ ಮೇಲೆ ಅಚ್ಚಾಗುತ್ತವೆ ಎಂಬುದೇ ಸಮಾಧಾನ.

ಈ ಕಥೆಯ ಅತ್ಯಂತ ಸ್ವಾರಸ್ಯಕರ ಪಾತ್ರ ಬ್ರಿಟನ್. ಘಾನಾ ನರ್ಸಿಂಗ್ ವಿದ್ಯಾರ್ಥಿಗಳಿಗೆ ಭತ್ಯೆಯನ್ನು ಮತ್ತೆ ಆರಂಭಿಸಿದ 2017ನೇ ಇಸವಿಯಲ್ಲೇ, ಅದೂ ಎರಡು ತಿಂಗಳು ಮೊದಲು, ಇಂಗ್ಲೆಂಡ್ ತನ್ನ ಹೊಸ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ವಿದ್ಯಾರ್ಥಿವೇತನವನ್ನು ರದ್ದುಮಾಡಿ, ಸಾಲ ಪಡೆದು ಓದಿರಿ ಎಂದಿತು. ಅರ್ಜಿ ಹಾಕುವವರ ಸಂಖ್ಯೆ ಕುಸಿಯಿತು; 2020ರಲ್ಲಿ ವರ್ಷಕ್ಕೆ ಕನಿಷ್ಠ 5,000 ಪೌಂಡ್‌ಗಳ ನೆರವನ್ನು ಬೇರೆ ರೂಪದಲ್ಲಿ ಮರಳಿ ಕೊಡಬೇಕಾಯಿತು. ಅಷ್ಟರೊಳಗೆ ಜಗತ್ತಿನ ಐದನೆಯದೋ ಆರನೆಯದೋ ದೊಡ್ಡ ಆರ್ಥಿಕತೆಯು ತನ್ನ ಮಕ್ಕಳನ್ನು ನರ್ಸ್ ಓದಿಸುವುದು ದುಬಾರಿಯೆಂದು ತೀರ್ಮಾನಿಸಿದ್ದ ವರ್ಷಗಳಲ್ಲಿ, ಸಾಲದ ಸುಳಿಯಲ್ಲಿದ್ದ ದೇಶವೊಂದು ತಿಂಗಳಿಗೆ ನಾನೂರು ಸೆಡಿಯಂತೆ ಖರ್ಚು ಮಾಡಿ ಆ ಕೆಲಸವನ್ನು ಮಾಡಿ ಮುಗಿಸಿತ್ತು. 2022ರ ಒಂದೇ ವರ್ಷದಲ್ಲಿ ಘಾನಾದ 1,200ಕ್ಕೂ ಹೆಚ್ಚು ನರ್ಸ್‌ಗಳು ಬ್ರಿಟನ್ನಿನ ನೋಂದಣಿ ಪುಸ್ತಕ ಸೇರಿದರು. ಇಷ್ಟು ದೊಡ್ಡ ಮೊತ್ತದ ಅಭಿವೃದ್ಧಿ ನೆರವನ್ನು ಬ್ರಿಟನ್ನಿಗೆ ನೀಡುತ್ತಿರುವ ಘಾನಾದ ಹೆಸರು ದಾನಿ ದೇಶಗಳ ಯಾವ ಸಮ್ಮೇಳನದಲ್ಲೂ ಕೇಳಿಬರದಿರುವುದು ಶಿಷ್ಟಾಚಾರದ ಲೋಪ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ.

ಬ್ರಿಟನ್ ನಿಯಮ ಮೀರಿದೆಯೆಂದು ದೂರುವ ಹಾಗೂ ಇಲ್ಲ. ಬಡ ದೇಶಗಳ ಆರೋಗ್ಯ ಸಿಬ್ಬಂದಿಯನ್ನು ಬಾಚಿಕೊಳ್ಳಬಾರದೆಂಬ ಸಂಹಿತೆಯನ್ನು ವಿಶ್ವ ಆರೋಗ್ಯ ಸಭೆ 2010ರ ಮೇ ತಿಂಗಳಲ್ಲಿ ಅಂಗೀಕರಿಸಿತು. ಅದು ಸ್ವಯಂಪ್ರೇರಿತ ಪಾಲನೆಗೆ ಬಿಟ್ಟದ್ದು, ಅಂದರೆ ಪಾಲಿಸದವರ ಮೇಲೆ ಬೇಸರ ಮಾಡಿಕೊಳ್ಳುವ ಹಕ್ಕನ್ನು ಕೂಡ ಅದು ಕಾಯ್ದಿರಿಸಿಲ್ಲ. ಬ್ರಿಟನ್ ಅದನ್ನು ಗೌರವಿಸಿ ತನ್ನದೇ ನಿಯಮಾವಳಿ ಮಾಡಿಕೊಂಡಿದೆ. ಅದರ ಪ್ರಕಾರ ಪಟ್ಟಿಯಲ್ಲಿರುವ ದೇಶಗಳಿಗೆ ಹೋಗಿ ನರ್ಸ್‌ಗಳನ್ನು ಕರೆಯುವಂತಿಲ್ಲ. ಆದರೆ ನರ್ಸ್ ತಾನೇ ಖುದ್ದಾಗಿ ಅರ್ಜಿ ಹಾಕಿದರೆ ತೆಗೆದುಕೊಳ್ಳಬಹುದು. ಕರೆಯುವುದಿಲ್ಲ, ಬಂದರೆ ಬೇಡವೆನ್ನುವುದಿಲ್ಲ. ಇಂಥ ನೈತಿಕ ಸೂಕ್ಷ್ಮತೆ ಶತಮಾನಗಳ ಸಾಮ್ರಾಜ್ಯಾನುಭವವಿಲ್ಲದೆ ದಕ್ಕುವಂಥದಲ್ಲ. ವೈದ್ಯರ ವಿಷಯದಲ್ಲಿ ಈ ಲೆಕ್ಕವನ್ನು ಯಾರೋ ಹಣದಲ್ಲೂ ಹಾಕಿದ್ದಾರೆ: ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆಫ್ರಿಕಾದ ಒಂಬತ್ತು ದೇಶಗಳು ತಾವು ಓದಿಸಿದ ವೈದ್ಯರು ಹೊರಟುಹೋದದ್ದರಿಂದ ಸುಮಾರು 217 ಕೋಟಿ ಡಾಲರ್ ಕಳೆದುಕೊಂಡವೆಂದೂ, ಓದಿಸುವ ಖರ್ಚಿಲ್ಲದೆ ಅಂಥವರನ್ನು ಪಡೆದ ಬ್ರಿಟನ್ ಉಳಿಸಿದ್ದು ಸುಮಾರು 270 ಕೋಟಿ ಡಾಲರ್ ಎಂದೂ ಅಂದಾಜಿಸಿತ್ತು. ಪ್ರಕಟಿಸಿದ ಪತ್ರಿಕೆಯ ಪ್ರಾಮಾಣಿಕತೆಯನ್ನು ಮೆಚ್ಚೋಣ. ಹಣ ಹಿಂದಿರುಗಿದ ಸುದ್ದಿ ಬಂದಿಲ್ಲ.

ಹೊರಟುಹೋದ ನರ್ಸ್‌ಗಳನ್ನು ದೂರುವ ಪದ್ಧತಿಯೊಂದು ಇದೆ. ದೇಶ ಓದಿಸಿತು, ಇವರು ದೇಶ ಬಿಟ್ಟರು ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಇದು ಈ ಇಡೀ ಪ್ರಹಸನದ ಅತ್ಯಂತ ನಾಚಿಕೆಗೇಡಿನ ಸಾಲು. ಕೆಲಸ ಕೊಡದವರು ಕೆಲಸ ಹುಡುಕಿಕೊಂಡು ಹೋದವರಿಗೆ ಕೃತಘ್ನರೆನ್ನುವುದು. ಭತ್ಯೆ ಪಡೆದವರು ದೇಶದಲ್ಲೇ ಸೇವೆ ಸಲ್ಲಿಸಬೇಕೆಂಬ ಬಾಂಡ್ ಪದ್ಧತಿ ಘಾನಾದಲ್ಲಿ ಹಿಂದಿನಿಂದಲೂ ಇದೆ. ವಿದ್ಯಾರ್ಥಿ ಸಹಿ ಹಾಕಬೇಕು, ಜಾಮೀನು ಕೊಡಬೇಕು, ಮುರಿದರೆ ದಂಡ ತೆರಬೇಕು. ಆಕೆ ಸೇವೆಗೆ ಸಿದ್ಧಳಾಗಿ ಬಾಗಿಲಲ್ಲಿ ನಿಂತಾಗ ಸರ್ಕಾರ ಬಾಗಿಲು ತೆರೆಯದಿದ್ದರೆ ಸರ್ಕಾರ ಯಾರಿಗೆ ಎಷ್ಟು ದಂಡ ಕಟ್ಟಬೇಕು ಎಂಬ ಷರತ್ತನ್ನು ಸೇರಿಸಲು ಕರಡು ಬರೆದವರಿಗೆ ಪ್ರಾಯಶಃ ಜಾಗ ಸಾಲಲಿಲ್ಲ.

ಇದಕ್ಕೆ ಹೋಲಿಸಿದರೆ ಬಾರ್ಬಡೋಸ್ ಜೊತೆಗಿನ ವ್ಯವಹಾರ ನೇರವಾದದ್ದು. ನರ್ಸ್‌ಗಳು ಸಾಲದೆ ಪರದಾಡುತ್ತಿದ್ದ ಆ ದ್ವೀಪರಾಷ್ಟ್ರ 2019ರಲ್ಲಿ ಘಾನಾದೊಡನೆ ಒಪ್ಪಂದ ಮಾಡಿಕೊಂಡಿತು. 2020ರ ಜುಲೈ ಕೊನೆಗೆ, ಕೋವಿಡ್ ಸಾಂಕ್ರಾಮಿಕದ ನಡುವೆ, 95 ನರ್ಸ್‌ಗಳು ಅಟ್ಲಾಂಟಿಕ್ ದಾಟಿ ಅಲ್ಲಿ ಇಳಿದರು. ಸರ್ಕಾರವೇ ಕೇಳಿತು, ಸರ್ಕಾರವೇ ಕಳಿಸಿತು, ಮುಚ್ಚುಮರೆಯಿಲ್ಲ. ಕೊರತೆಯಿರುವ ಸರಕನ್ನು ರಫ್ತು ಮಾಡುವ ಈ ಧೈರ್ಯ ಅರ್ಥಶಾಸ್ತ್ರದ ಪಠ್ಯಪುಸ್ತಕಗಳಿಗೆ ಸವಾಲೆಸೆದರೂ, ಹೋದವರಿಗೆ ಸಂಬಳವಂತೂ ಸಿಕ್ಕಿತು.

ಇಡೀ ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆಯಿದೆಯೆಂದೂ, ಅದರಲ್ಲಿ ಶೇ 89ರಷ್ಟು ಕೊರತೆ ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರ ವರದಿಯಲ್ಲಿ ಹೇಳಿತ್ತು. ಅಂಥ ಅಂಕಿ ಕಂಡೊಡನೆ ಇನ್ನಷ್ಟು ವಿದ್ಯಾರ್ಥಿವೇತನ ಘೋಷಿಸಬೇಕೆನ್ನಿಸುವುದು ಸಹಜ. ಘೋಷಿಸಲಿ. ಓದುವ ಮಕ್ಕಳಿಗೆ ಹಣ ಸಿಕ್ಕರೆ ಹೊಟ್ಟೆಕಿಚ್ಚು ಪಡುವವನು ನಾನಲ್ಲ. ಆ ನಾನೂರು ಸೆಡಿ ಇಲ್ಲದಿದ್ದರೆ ಕಾಲೇಜಿನ ಮೆಟ್ಟಿಲು ಹತ್ತಲಾರದಿದ್ದ ಎಷ್ಟೋ ಮಕ್ಕಳು ಅದರಿಂದ ನರ್ಸ್‌ಗಳಾಗಿದ್ದಾರೆ. ನನ್ನ ತಕರಾರು ನಾಲ್ಕನೆಯ ವರ್ಷದ್ದು. ಕಾಲೇಜಿನ ಸೀಟನ್ನು ಮಂಜೂರು ಮಾಡುವ ಕಡತದಲ್ಲೇ ಆಸ್ಪತ್ರೆಯ ಹುದ್ದೆಯನ್ನೂ ಮಂಜೂರು ಮಾಡಿಬಿಟ್ಟರೆ ಏನಾದೀತು ಎಂದು ಯಾರಾದರೂ ಅಧಿಕಾರಿಯನ್ನು ಕೇಳಿ ನೋಡಿ, ಅವು ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳು ಎಂಬ ಉತ್ತರ ಬರುತ್ತದೆ. ರೋಗಿಗೆ ಜ್ವರ ಬರುವುದು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಂಬುದನ್ನು ಇನ್ನೂ ಗೊತ್ತುಪಡಿಸಿಲ್ಲ.

ಕೊನೆಗೂ ಕೆಲಸ ಸಿಕ್ಕವರ ಸುದ್ದಿಯನ್ನು ಹೇಳದೆ ಹೋದರೆ ಪಕ್ಷಪಾತವಾದೀತು. 2024ರ ಕೊನೆಯ ಹೊತ್ತಿಗೆ ಘಾನಾದಲ್ಲಿ ಸಾವಿರಾರು ನರ್ಸ್‌ಗಳೂ ಸೂಲಗಿತ್ತಿಯರೂ ಸರ್ಕಾರಿ ಸೇವೆಗೆ ನೇಮಕಗೊಂಡು ಆಸ್ಪತ್ರೆಗಳಲ್ಲಿ ದುಡಿಯತೊಡಗಿದರು. 2025ರ ಅಕ್ಟೋಬರ್‌ನಲ್ಲಿ ಅವರು ಅಕ್ರಾದಲ್ಲಿ ಅಧ್ಯಕ್ಷರ ಕಚೇರಿಯಾದ ಜುಬಿಲಿ ಹೌಸ್‌ನತ್ತ ಮೆರವಣಿಗೆ ಹೊರಟರು. ಹತ್ತು ತಿಂಗಳಾದರೂ ಅವರಿಗೆ ಸಂಬಳ ಬಂದಿರಲಿಲ್ಲ. ರಾತ್ರಿಪಾಳಿ ಮಾಡಿ, ಹೆರಿಗೆ ಮಾಡಿಸಿ, ಬಸ್ಸಿನ ಹಣಕ್ಕೆ ಸಾಲ ಮಾಡುವ ಬದಲು ಅವರು ಮತ್ತೊಮ್ಮೆ ನರ್ಸಿಂಗ್ ಕಾಲೇಜಿನ ಮೊದಲ ವರ್ಷಕ್ಕೆ ಸೇರಿಕೊಂಡಿದ್ದರೆ ತಿಂಗಳಿಗೆ ನಾನೂರು ಸೆಡಿಯ ಬಾಕಿಯನ್ನಾದರೂ ಕೇಳಬಹುದಿತ್ತು.