ಚಿಟ್ಟೆ ಬೇಕು, ಅದರ ಮರಿ ಬೇಡ!

ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ತಿರ ಇವತ್ತು ಬೆಳಿಗ್ಗೆ ಒಂದು ಸ್ವಚ್ಛತಾ ತಂಡ ಸಿಕ್ಕಿತು. ಪ್ಲಾಸ್ಟಿಕ್ ಆರಿಸಿದರು, ಸಂತೋಷ. ಆಮೇಲೆ ಕೈ ಸುಮ್ನೆ ಇರಬೇಕಲ್ಲ? ಪೊದೆ ಮೇಲೆ ಹಬ್ಬಿದ್ದ ಈಶ್ವರಿ ಬಳ್ಳಿಯನ್ನು ಕಿತ್ತು ರಾಶಿ ಹಾಕಿದರು. ಅವರ ಬ್ಯಾನರ್ ಮೇಲೆ ಏನಿತ್ತು ಗೊತ್ತಾ? ದೊಡ್ಡದೊಂದು ಚಿಟ್ಟೆ!

ರಾಶಿ ಕೆದಕಿದೆ. ಎಲೆಯ ಅಡಿಯಲ್ಲಿ ಕ್ರಿಮ್ಸನ್ ರೋಸ್ ಚಿಟ್ಟೆಯ ಮರಿಗಳು. ಕಪ್ಪುಗೆಂಪು ಮೈ, ಸಾಲಾಗಿ ಮೆತ್ತನೆಯ ಮುಳ್ಳು. ಬೆರಳು ತಾಗಿಸಿದರೆ ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಹಾಕಿ ವಾಸನೆ ಬಿಟ್ಟು ಹೆದರಿಸುತ್ತದೆ, ಅಷ್ಟೇ. ತುರಿಕೆ ಗಿರಿಕೆ ಏನೂ ಇಲ್ಲ. ಆದರೂ ಒಬ್ಬರು "ಅಯ್ಯೋ ಕಂಬಳಿಹುಳ" ಅಂತ ಚಪ್ಪಲಿಯಲ್ಲಿ ಹೊಸಕಿದರು. ನನ್ನ ಕೋಪ ನಿಮಗೆ ಗೊತ್ತಲ್ಲ. ಬೈದೆ.

ಈ ತಾಯಿ ಚಿಟ್ಟೆ ಕಂಡ ಕಂಡ ಗಿಡದಲ್ಲಿ ಮೊಟ್ಟೆ ಇಡಲ್ಲ ಸ್ವಾಮಿ. ಈಶ್ವರಿ ಬಳ್ಳಿ, ಇಲ್ಲಾಂದ್ರೆ ಅದರದೇ ಕುಲದ್ದು ಬೇಕು. ಬಳ್ಳಿಯ ವಿಷ ತಿಂದೇ ಮರಿ ಬೆಳೆಯುತ್ತದೆ. ಆ ವಿಷ ಮೈಯಲ್ಲಿ ಉಳಿದು ರೆಕ್ಕೆ ಬಂದ ಮೇಲೂ ಕಾಯುತ್ತದೆ, ಒಂದು ಸಲ ರುಚಿ ನೋಡಿದ ಹಕ್ಕಿ ಮತ್ತೆ ಬಾಯಿ ಹಾಕಲ್ಲ. ನಮ್ಮ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆ ಇದೆಯಲ್ಲ, ಅದರ ಕೆಲವು ಹೆಣ್ಣುಗಳು ವಿಷವಿಲ್ಲದಿದ್ದರೂ ಇದೇ ವೇಷ ಹಾಕಿಕೊಂಡು ಬದುಕುತ್ತವೆ. ಪಶ್ಚಿಮ ಘಟ್ಟದಲ್ಲಿ ಹಾರುವ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಕುಲದ ಬಳ್ಳಿಗಳನ್ನು ನಂಬಿದೆ. ಬಳ್ಳಿ ಕಿತ್ತರೆ ಎಲ್ಲಾ ಢಮಾರ್.

"ಸರ್, ಹೂವಿನ ಗಿಡ ಬಿಟ್ಟಿದ್ದೀವಲ್ಲ" ಅಂದರು. ಬಿಟ್ಟಿದ್ದು ಯಾವುದು? ಲಂಟಾನ, ಹೊರದೇಶದಿಂದ ಬಂದು ಎಲ್ಲೆಡೆ ಹಬ್ಬಿದ ಮುಳ್ಳು ಕಳೆ! ಚಿಟ್ಟೆ ಅಲ್ಲಿ ಮಕರಂದ ಕುಡಿಯುತ್ತದೆ, ಒಪ್ಪಿದೆ. ಹೋಟೆಲಲ್ಲಿ ಕಾಫಿ ಕುಡಿದವರೆಲ್ಲ ಅಲ್ಲೇ ಬಾಣಂತನ ಮಾಡಿಸಿಕೊಳ್ಳುತ್ತಾರಾ?

ಇನ್ನೊಬ್ಬರದು ಹಾವಿನ ಭಯ. ಹಾವು ಸುಳಿಯಬಾರದು ಅಂತಲೇ ನಮ್ಮಜ್ಜಿ ಹಿತ್ತಲಲ್ಲಿ ಈ ಬಳ್ಳಿ ಹಬ್ಬಿಸಿದ್ದರು. ಆ ನಂಬಿಕೆ ನಿಜವೋ ಸುಳ್ಳೋ, ಬಳ್ಳಿ ಮಾತ್ರ ಉಳಿದಿತ್ತು.

ಬ್ಯಾಂಕ್ ಕೆಲಸ ಮುಗಿದ ಮೇಲೆ ಇವನಿಗೆ ಹುಳದ ಹುಚ್ಚು ಅಂತ ನಗ್ತೀರಿ, ನಗಿ. ನಿಜ ಹೇಳಲಾ? ಮನುಷ್ಯರ ಮೇಲೆ ನನಗೆ ಇಷ್ಟು ಮರುಕ ಹುಟ್ಟುವುದಿಲ್ಲ. ಮನೆಯವಳೂ ಅದನ್ನೇ ಹೇಳುತ್ತಾಳೆ.

ಬೆಟ್ಟ ಕ್ಲೀನ್ ಮಾಡಲೇಬೇಕಾ? ಲಂಟಾನ ಕೀಳೋಣ, ನಾನೂ ಬರುತ್ತೇನೆ. ಗುದ್ದಲಿ ನನ್ನದು. ಕೈಗವಸು ನೀವು ತನ್ನಿ, ಮುಳ್ಳು ಜಾಸ್ತಿ.