ಬೀಗ ಹಾಕಿದ ಮನೆ ನೋಡಿ ಬರೆದ ವರದಿ

ದೀಪಾವಳಿ ಮುಗಿಯಿತೆಂದರೆ ವಿಜಯಪುರ ಜಿಲ್ಲೆಯ ಎಷ್ಟೋ ಲಂಬಾಣಿ ತಾಂಡಾಗಳಲ್ಲಿ ಮುದುಕರಷ್ಟೇ ಉಳಿಯುತ್ತಾರೆ. ಕಬ್ಬು ಕಡಿಯಲು ಗುಳೆ ಹೋದ ಗ್ಯಾಂಗು ಮರಳುವುದು ಯುಗಾದಿ ಹೊತ್ತಿಗೆ. ಗ್ಯಾಂಗು ಹೊರಟ ಹೊತ್ತಿನಲ್ಲೇ ಅಲ್ಲಿಯ ಮಗುವೊಂದು ಬಾಲಮಂದಿರ ಸೇರಿತೆನ್ನಿ. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು, 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ, 4 ತಿಂಗಳೊಳಗೆ ಅಂತಿಮ ಆದೇಶ. ಅಂದರೆ ಅಪ್ಪ-ಅವ್ವ ಊರಿಗೆ ಬರುವಷ್ಟರಲ್ಲಿ ಎಲ್ಲ ತೀರ್ಮಾನವಾಗಿರುತ್ತದೆ.

ಆ ತನಿಖಾ ವರದಿಗಾಗಿ ಮನೆಭೇಟಿಗೆ ಹೋದವರು ಬೀಗ ನೋಡಿ 'ಪೋಷಕರು ಲಭ್ಯವಿಲ್ಲ' ಎಂದು ಬರೆದು ಬರುತ್ತಾರೆ. ಅಜ್ಜಿ ಎರಡು ಮನೆ ಆಚೆಗಿರಬಹುದು. ಗ್ಯಾಂಗು ಕರೆದೊಯ್ದ ಮುಕಾದಮನ ಫೋನ್ ನಂಬರು ಇಡೀ ತಾಂಡಾಕ್ಕೆ ಗೊತ್ತಿರುತ್ತದೆ. ಕೇಳಬೇಕಷ್ಟೆ. ಕೇಳದೆ ಬರೆದ ಆ ಒಂದು ಸಾಲನ್ನು ನಂಬಿ ನಮೂನೆ 7, ಅಂದರೆ ಮಗುವಿನ ವೈಯಕ್ತಿಕ ಪಾಲನಾ ಯೋಜನೆ, ತಯಾರಾಗುತ್ತದೆ. ಆಮೇಲಿನ ಪ್ರಗತಿ ವರದಿಗಳಲ್ಲಿ 'ಮಗು ಹೊಂದಿಕೊಂಡಿದೆ' ಎಂಬ ಮಾತೇ ತಾರೀಖು ಬದಲಿಸಿಕೊಂಡು ಬರುತ್ತಿದ್ದರೆ ತಡೆದು ಕೇಳುವವರು ಯಾರು?

ಯೋಜನೆ ಬರೆಯುವುದು ಬಾಲಮಂದಿರದ ಸಿಬ್ಬಂದಿ. ಪ್ರಗತಿ ನೋಡುವ ನಿರ್ವಹಣಾ ಸಮಿತಿಯಲ್ಲೂ ಅಲ್ಲಿಯವರು ಕೂತಿರುತ್ತಾರೆ. ಹೊರಗಿನ ಕಣ್ಣು ಎಂದರೆ ಅದೇ ಕಾಯ್ದೆಯ ಕಲಂ 54ರ ತಪಾಸಣಾ ಸಮಿತಿ: ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ, 3 ತಿಂಗಳಿಗೊಮ್ಮೆಯಾದರೂ ಭೇಟಿ. ಅಡುಗೆಮನೆ, ಹಾಸಿಗೆ, ಶೌಚಾಲಯ ನೋಡಲೇಬೇಕು, ಸರಿ. ಆದರೆ ಶೌಚಾಲಯ ಫಳಫಳ ಹೊಳೆಯುತ್ತಿದ್ದರೂ ಮಗು ತಪ್ಪು ಜಾಗದಲ್ಲಿರಬಹುದು, ಅದು ಫೈಲು ಬಿಚ್ಚದೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೇ ಸ್ವತಂತ್ರ ಪರಿಶೀಲನಾ ಅಧಿಕಾರಿ ಇದ್ದಾರೆ. ಮೊದಲ ಪರಿಶೀಲನೆ 20 ಕೆಲಸದ ದಿನಗಳೊಳಗೆ, ಎರಡನೆಯದು ಮುಂದಿನ 3 ತಿಂಗಳೊಳಗೆ, ಆಮೇಲೆ 6 ತಿಂಗಳಿಗೊಮ್ಮೆಯಾದರೂ. ಪರಿಶೀಲನೆಗೂ ಮುಂಚೆ ಮಗುವಿನ ಜೊತೆ ಒಬ್ಬರೇ ಕೂತು ಮಾತಾಡುತ್ತಾರೆ. ಅವರಿಗೆ ಸಂಬಳ ಕೊಡುವುದೂ ಮಗುವಿನ ಹೊಣೆ ಹೊತ್ತ ಸ್ಥಳೀಯ ಆಡಳಿತವೇ ಎಂಬ ಕೊರತೆ ಅಲ್ಲಿಯೂ ಇದೆ.

ನಮ್ಮಲ್ಲಿ ಹೊಸ ಹುದ್ದೆ ಬರುವವರೆಗೆ ಕಾಯಬೇಕಿಲ್ಲ. ತಪಾಸಣಾ ಸಮಿತಿ ಪ್ರತಿ ಭೇಟಿಯಲ್ಲೂ ಐದು ಫೈಲು ತಾನೇ ಆರಿಸಿ ತೆಗೆಯಲಿ, ಮೇಲ್ವಿಚಾರಕರು ಮುಂದಿಟ್ಟಿದ್ದನ್ನಲ್ಲ. ಮನೆಭೇಟಿ ಯಾವ ತಿಂಗಳು ಆಯಿತು, ಯಾರು ಸಿಕ್ಕರು, ಕಳೆದ ಬಾರಿ ಬರೆದ ಗುರಿ ಏನಾಯಿತು ಎಂದು ನೋಡಲಿ. ಲಂಬಾಣಿ ಮಗುವನ್ನು ಅದರ ಮಾತು ಬಲ್ಲವರೇ ಬೇರೆ ಕೋಣೆಯಲ್ಲಿ ಮಾತಾಡಿಸಲಿ. ಬೆಳಗಾವಿ ಗಡಿಯಲ್ಲಾದರೆ ಮರಾಠಿ ಬಲ್ಲವರು ಬೇಕು. ಬಡತನವೊಂದೇ ಕಾರಣವಾಗಿದ್ದರೆ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಟ್ಟು ಮಗುವನ್ನು ಅಜ್ಜಿಯ ಬಳಿಯೇ ಬಿಡಲು ಯಾಕೆ ಆಗಲಿಲ್ಲ ಎಂಬ ಉತ್ತರ ಫೈಲಿನಲ್ಲೇ ಇರಬೇಕು. ಗ್ಯಾಂಗು ಊರಿಗೆ ಬಂದ ವಾರವೇ ಎರಡನೇ ಮನೆಭೇಟಿ ಆಗಬೇಕು.