ಬೆಳ್ಳಂದೂರಿಗೆ ಪರ್ಮಿಶನ್ ಬೇಡ, ಕ್ಯಾಂಟೀನಿನ ಹಿಂದಕ್ಕೆ ಬೇಕು

ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಪರಿಸರ ವಿಭಾಗದಲ್ಲಿ ನಾನು ಮೂರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಅತಿಥಿ ಅಂದ ಕೂಡಲೇ ಎಲೆ ಹಾಕಿ ಹೋಳಿಗೆ ಬಡಿಸಿದರು ಅಂದುಕೊಳ್ಳಬೇಡಿ. ವಾರಕ್ಕೆ 16 ಗಂಟೆ ಪಾಠ, ಆರು ತಿಂಗಳಿಗೊಮ್ಮೆ ಸಂಬಳ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜಿನವರು ‘ನಮ್ಮನ್ನ ಯಾಕೆ ಬಿಟ್ರಿ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮ ವಿಭಾಗದವರು ಪಂಚಭೂತಗಳನ್ನು ಹಂಚಿಕೊಂಡಿದ್ದರು. ನೀರಿಗೆ ಒಬ್ಬರು ಮೇಷ್ಟ್ರು, ಗಾಳಿಗೆ ಒಬ್ಬರು, ಮಣ್ಣಿಗೆ ಅಂದರೆ ಕಸಕ್ಕೆ ಒಬ್ಬರು ಮೇಡಂ. ಬೆಂಕಿ ಮತ್ತು ಆಕಾಶ ವಿಭಾಗದ ಮುಖ್ಯಸ್ಥೆ, ಅಂದರೆ ಎಚ್‌ಓಡಿ ಮೇಡಂ ಹತ್ತಿರ ಇದ್ದವು. ಗಾಳಿ ಮೇಷ್ಟ್ರದ್ದು ಒಂದು ಹಳೇ ಸ್ಕೂಟರ್. ಹೊಗೆ ತಪಾಸಣೆಗೆ ಅವರು ಒಬ್ಬರೇ ಹೋಗಿ ಸರ್ಟಿಫಿಕೇಟ್ ತರುತ್ತಿದ್ದರು, ಸ್ಕೂಟರಿಗೆ ತೊಂದರೆ ಕೊಡುತ್ತಿರಲಿಲ್ಲ. ಕಸದ ಮೇಡಂ ರೂಮಿನಲ್ಲಿ ಹಳೆಯ ಬ್ಲೂ ಬುಕ್ಕುಗಳು, ಅಂದರೆ ಹುಡುಗರ ಟೆಸ್ಟಿನ ಉತ್ತರ ಪುಸ್ತಕಗಳು, ಸೂರು ಮುಟ್ಟಿದ್ದವು. ಡಿಗ್ರಿಗೆ ಮಾನ್ಯತೆ ಕೊಡಬಹುದೇ ಅಂತ ನೋಡಲು ಬರುವ ಸಮಿತಿಗೆ ತೋರಿಸಬೇಕಲ್ಲ, ಎಸೆಯುವ ಹಾಗಿರಲಿಲ್ಲ. ನೀರಿನ ಮೇಷ್ಟ್ರು ಮನೆಯಿಂದ ತಂದ ನೀರು ಬಿಟ್ಟು ಬೇರೆ ಕುಡಿಯುತ್ತಿರಲಿಲ್ಲ. ಕ್ಯಾಂಪಸ್ಸಿನ ನೀರನ್ನು ಟೆಸ್ಟ್ ಮಾಡಿದವರು ಅವರೇ.

ಲ್ಯಾಬಿನಲ್ಲಿ ಒಂದು ಬಿಓಡಿ ಇನ್‌ಕ್ಯುಬೇಟರ್ ಇತ್ತು. ಗೊತ್ತಿಲ್ಲದವರಿಗೆ ಒಂದು ಮಾತು. ನೀರಿನಲ್ಲಿರುವ ಕೊಳೆಯನ್ನು ತಿಂದು ಅರಗಿಸಿಕೊಳ್ಳಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕವೇ ಬಿಓಡಿ. ಲೆಕ್ಕ ಜಾಸ್ತಿ ಬಂದರೆ ನೀರು ಅಷ್ಟು ಗಲೀಜು ಅಂತ ಅರ್ಥ. ಸ್ಯಾಂಪಲ್ ಬಾಟಲಿಯನ್ನು ಇನ್‌ಕ್ಯುಬೇಟರಿನಲ್ಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಡಬೇಕು. ಚಳಿ ದೇಶದವರು 20 ಡಿಗ್ರಿಯಲ್ಲಿ ಐದು ದಿನ ಇಡುತ್ತಾರೆ. ನಮ್ಮ ಅಟೆಂಡರ್ ಅದರಲ್ಲಿ ಮೊಸರಿಗೆ ಹೆಪ್ಪು ಹಾಕುತ್ತಿದ್ದರು. ಯಾರೂ ಬೇಡ ಅನ್ನಲಿಲ್ಲ. ಇನ್‌ಕ್ಯುಬೇಟರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಆ ಮೊಸರು ಬಿಟ್ಟು ಬೇರೆ ಸಾಕ್ಷಿ ನಮ್ಮ ಹತ್ತಿರ ಇರಲಿಲ್ಲ.

ಫೈನಲ್ ಇಯರ್ ಹುಡುಗರಿಗೆ ಪ್ರತಿ ವರ್ಷ ಒಂದೇ ಪ್ರಾಜೆಕ್ಟ್, ಬೆಳ್ಳಂದೂರು ಕೆರೆಯ ನೀರಿನ ಗುಣಮಟ್ಟ. ಆ ಕೆರೆ ಪರಿಸರ ಎಂಜಿನಿಯರುಗಳ ಪಾಲಿನ ಕಾಮಧೇನು. 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಬಂತು. ಬೈಕಿನವರು ಮೋಡದೊಳಗೆ ಹೊಕ್ಕು ಆಚೆ ಬಂದ ಹಾಗೆ ಬರುತ್ತಿದ್ದರು. ನೊರೆ ಹಾರಬಾರದು ಅಂತ ದೊಡ್ಡವರು ಜಾಲರಿ ಕಟ್ಟಿಸಿದರು. ಹಾಲು ಉಕ್ಕಿದರೆ ಒಲೆ ಸಣ್ಣ ಮಾಡುತ್ತೇವೆ ನಾವು. ಅವರು ಪಾತ್ರೆಯ ಸುತ್ತ ಬೇಲಿ ಹಾಕಿದರು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ. 2018ರ ಜನವರಿಯಲ್ಲಿ ಮತ್ತೆ ಬೆಂಕಿ, ಆರಿಸಲು ಸೇನೆಯ 5000 ಜವಾನರು ಬರಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಇಷ್ಟೆಲ್ಲ ಆದರೂ ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಕೊನೆಯ ಸಾಲು ಬದಲಾಗಲಿಲ್ಲ: ‘ಕೊಳಚೆ ನೀರನ್ನು ಅದು ಹುಟ್ಟುವ ಜಾಗದಲ್ಲೇ ಶುದ್ಧೀಕರಿಸಬೇಕು.’ ಹಿಂದಿನ ಬ್ಯಾಚಿನವರ ಫೈಲಿನಿಂದ ಮುಂದಿನ ಬ್ಯಾಚಿಗೆ ಆ ಸಾಲು ಅಜ್ಜಿಯ ಸರದ ಹಾಗೆ ಬರುತ್ತಿತ್ತು.

ಹುಟ್ಟುವ ಜಾಗ ಎಲ್ಲಿ ಅಂದರೆ, ನಮ್ಮ ಕ್ಯಾಂಟೀನಿನ ಹಿಂದೆ. ಅಲ್ಲೇ ಕಾಲೇಜಿನ ಎಸ್‌ಟಿಪಿ ಇತ್ತು, ಕೊಳಚೆ ನೀರು ಶುದ್ಧ ಮಾಡುವ ಘಟಕ. ಎರಡು ಹಾಸ್ಟೆಲ್ಲು, ಒಂದು ಕ್ಯಾಂಟೀನು, ಎಲ್ಲದರ ನೀರೂ ಅದರೊಳಗೆ ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತೋ ಹಾಗೇ ಆಚೆ ಬಂದು ರಾಜಕಾಲುವೆ ಸೇರುತ್ತಿತ್ತು. ರಾಜಕಾಲುವೆ ಬೆಳ್ಳಂದೂರು ಸೇರುತ್ತಿತ್ತು. ನಮ್ಮ ಪಾಠದ ಭಾಷೆಯಲ್ಲಿ ನಾವು ಕೆರೆಗೆ ಅಪ್‌ಸ್ಟ್ರೀಮ್, ಅಂದರೆ ನೀರು ಹರಿದು ಬರುವ ಮೇಲಿನ ಕಡೆ. ನಮ್ಮ ಹುಡುಗರು ಕಾಲೇಜು ಬಸ್ ಮಾಡಿಕೊಂಡು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು, ಕೆರೆಗೆ ಹೋಗಿ, ತಾವು ಬೆಳಿಗ್ಗೆ ಬಿಟ್ಟ ನೀರನ್ನೇ ಬಾಟಲಿಗೆ ತುಂಬಿಕೊಂಡು ವಾಪಸ್ ತರುತ್ತಿದ್ದರು.

ಒಂದು ವರ್ಷ ಒಬ್ಬಳು ಹುಡುಗಿ ಕೇಳಿದಳು. “ಸಾರ್, ಬೆಳ್ಳಂದೂರಿಗೆ ಯಾಕೆ ಹೋಗ್ಬೇಕು? ಇಲ್ಲೇ ನಮ್ದೇ ಎಸ್‌ಟಿಪಿ ಇದೆಯಲ್ವಾ, ಅಲ್ಲೇ ಸ್ಯಾಂಪಲ್ ತಗೊಳ್ಳೋಣ.”

ಇಂಥ ಪ್ರಶ್ನೆ ಕೇಳುವವರಿಂದಲೇ ವಿಭಾಗಗಳಿಗೆ ಕಷ್ಟ ಬರುವುದು. ನಾನೂ ಹುರುಪಿನಲ್ಲಿ ಒಂದು ಅರ್ಜಿ ಬರೆದುಕೊಟ್ಟೆ. ಅರ್ಜಿ ಎಚ್‌ಓಡಿ ಮೇಡಂ ಹತ್ತಿರ ಹೋಯಿತು. ಅಲ್ಲಿಂದ ಪ್ರಿನ್ಸಿಪಾಲರು, ಅಲ್ಲಿಂದ ಆಡಳಿತಾಧಿಕಾರಿ, ಅಲ್ಲಿಂದ ಎಸ್ಟೇಟ್ ಆಫೀಸರ್. ಎಸ್ಟೇಟ್ ಆಫೀಸರ್ ಎಂಕಾಂ ಓದಿದವರು, ಒಳ್ಳೆ ಮನುಷ್ಯರು, ಪ್ರತಿ ಜೂನ್ 5ಕ್ಕೆ ಗೇಟಿನ ಪಕ್ಕದ ಗುಂಡಿಯಲ್ಲಿ ಸಸಿ ನೆಡಿಸುವವರೂ ಅವರೇ. ಪ್ರತಿ ವರ್ಷ ಅದೇ ಗುಂಡಿ. ಅಗೆಯುವ ಕೂಲಿ ಉಳಿಯಲಿ ಅಂತ ಮುಚ್ಚುತ್ತಿರಲಿಲ್ಲ. ಮೂರು ವಾರಕ್ಕೆ ಅರ್ಜಿ ವಾಪಸ್ ಬಂತು. ಅಂಚಿನಲ್ಲಿ ಹಸಿರು ಇಂಕಿನಲ್ಲಿ ಬರೆದಿದ್ದರು: ‘ಎಸ್‌ಟಿಪಿಯು ತಾಂತ್ರಿಕ ವಿಷಯವಾಗಿರುವುದರಿಂದ ಪರಿಸರ ಎಂಜಿನಿಯರಿಂಗ್ ವಿಭಾಗದವರು ಇದರಲ್ಲಿ ತಲೆ ಹಾಕತಕ್ಕದ್ದಲ್ಲ.’

ಎಚ್‌ಓಡಿ ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ನಮಗೂ ಕೆಲಸ ಕಮ್ಮಿ ಆಯ್ತಲ್ಲ ಬಿಡಿ” ಅಂದರು.

ಪೇಪರಿನ ಮೇಲೆ ಎಸ್‌ಟಿಪಿ ಚೆನ್ನಾಗಿಯೇ ಓಡುತ್ತಿತ್ತು. ಪ್ರತಿ ತಿಂಗಳು ಹೊರಗಿನ ಲ್ಯಾಬಿನಿಂದ ರಿಪೋರ್ಟ್ ಬರುತ್ತಿತ್ತು. ಬಿಓಡಿ ಲೀಟರಿಗೆ 10 ಮಿಲಿಗ್ರಾಮಿನ ಒಳಗೆ ಇರಬೇಕು. ನಮ್ಮದು 8. ಜನವರಿ 8, ಫೆಬ್ರವರಿ 8, ಮಳೆಗಾಲ 8, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಇದ್ದಾಗಲೂ 8. ಗುಟ್ಟೇನು ಅಂತ ಒಂದಿನ ಆಪರೇಟರ್ ಹುಡುಗನನ್ನು ಕೇಳಿದೆ. ರಾಯಚೂರು ಕಡೆಯವನು. ಘಟಕದ ಪಕ್ಕದ ಶೆಡ್ಡಿನಲ್ಲೇ ಮಲಗುತ್ತಿದ್ದ.

“ಕ್ಯಾಂಟೀನ್ ಫಿಲ್ಟರ್ ನೀರು ತುಂಬಿ ಕೊಡ್ತೀನ್ರೀ ಸರ.”

“ಹಾಗಾದ್ರೆ ಸೊನ್ನೆ ಬರ್ಬೇಕಲ್ಲಪ್ಪಾ?”

“ಮೊದಲ್ ಸೊನ್ನೀನ ಬಂತ್ರೀ. ಸೊನ್ನಿ ಬಂದ್ರ ಮ್ಯಾಲಿನವ್ರು ನಂಬೂದಿಲ್ಲ ಅಂತ ಬೈದ್ರು. ಅದಕ್ಕ ಈಗ ಎಲ್ಡು ಹನಿ ಸಾಂಬಾರ್ ಹಾಕ್ತೀನ್ರೀ.”

ಇಡೀ ಕ್ಯಾಂಪಸ್ಸಿನಲ್ಲಿ ಅಳತೆ ಗೊತ್ತಿದ್ದವನು ಅವನೊಬ್ಬನೇ.

ಬ್ಲೋವರ್ ಯಾಕೆ ಓಡಿಸಲ್ಲ ಅಂತಲೂ ಕೇಳಿದೆ. ಎಸ್‌ಟಿಪಿಯ ಜೀವ ಇರುವುದು ಬ್ಲೋವರಿನಲ್ಲಿ. ಅದು ಟ್ಯಾಂಕಿಗೆ ಗಾಳಿ ಊದಿದರೆ ಮಾತ್ರ ಬ್ಯಾಕ್ಟೀರಿಯಾ ಉಸಿರಾಡುವುದು. ಕರೆಂಟನ್ನು ಜಾಸ್ತಿ ತಿನ್ನುವುದೂ ಅದೇ. “ಬೆಲ್ಟ್ ಹರದು ವರ್ಷ ಆತ್ರೀ. ಇಂಡೆಂಟ್ ಹಾಕೀನಿ, ಪಾಸ್ ಆಗಿಲ್ಲ” ಅಂದ. ಟ್ಯಾಂಕಿನೊಳಗೆ ಬಗ್ಗಿ ನೋಡಿದೆ. ಸರಿಯಾಗಿ ಓಡುವ ಟ್ಯಾಂಕು ಚಾಕೊಲೇಟ್ ಬಣ್ಣಕ್ಕಿದ್ದು ಮಣ್ಣಿನ ವಾಸನೆ ಬರುತ್ತದೆ ಅಂತ ಕ್ಲಾಸಿನಲ್ಲಿ ಹೇಳಿಕೊಡುತ್ತೇವೆ. ಇದು ಡಾಂಬರಿನ ಬಣ್ಣಕ್ಕಿತ್ತು. ವಾಸನೆಯ ಮಾತು ಬೇಡ, ನೀವು ಊಟದ ಹೊತ್ತಿನಲ್ಲಿ ಓದುತ್ತಿರಬಹುದು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಮಾನ್ಯತೆ ಸಮಿತಿ ಬರುತ್ತದೆ ಅಂತ ಪತ್ರ ಬಂತು.

2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದಕ್ಕೆ ಪೂರ್ತಿ ಸದಸ್ಯನಾಯಿತು. ಇಲ್ಲಿ ಮಾನ್ಯತೆ ಸಿಕ್ಕ ಡಿಗ್ರಿಯನ್ನು ಒಪ್ಪಂದದ ಬೇರೆ ದೇಶಗಳೂ ಒಪ್ಪಬೇಕು ಅನ್ನುವುದು ಅದರ ತಾತ್ಪರ್ಯ. ಅಲ್ಲಿಂದ ಮೇಷ್ಟರುಗಳು ಪಾಠ ಮಾಡುವುದು ಕಮ್ಮಿಯಾಗಿ, ಪಾಠ ಮಾಡಿದ್ದೇವೆ ಅಂತ ತೋರಿಸುವುದು ಜಾಸ್ತಿಯಾಯಿತು. ಪ್ರತಿ ವಿಷಯದ ಪ್ರತಿ ಅಧ್ಯಾಯಕ್ಕೂ ಹುಡುಗ ಏನು ಕಲಿತ ಅಂತ ಬರೆದು, ಅದನ್ನು ಡಿಗ್ರಿ ಮುಗಿಸುವಷ್ಟರಲ್ಲಿ ಹುಡುಗನಿಗೆ ಬಂದಿರಬೇಕಾದ, ಪಿಓ ಅನ್ನುವ 12 ಗುಣಗಳಿಗೆ ಹೊಂದಿಸಿ, 1, 2, 3 ಅಂತ ಅಂಕಿ ಹಾಕಬೇಕು. ಹೆಚ್ಚುಕಮ್ಮಿ ಜಾತಕ ಕೂಡಿಸಿದ ಹಾಗೆ. ಏಳನೆಯ ಗುಣದ ಹೆಸರೇ ‘ಪರಿಸರ ಮತ್ತು ಸುಸ್ಥಿರತೆ’. ಈಚೆಗೆ ಪಟ್ಟಿಯನ್ನು 11ಕ್ಕೆ ಇಳಿಸಿ, ಪರಿಸರಕ್ಕೆ ಇದ್ದ ಸ್ವಂತ ಸೀಟನ್ನೂ ತೆಗೆದು ಆರನೆಯದರ ತೊಡೆ ಮೇಲೆ ಕೂರಿಸಿದ್ದಾರೆ. ನಮ್ಮ ಕಾಲಕ್ಕೆ ಏಳನೆಯದೇ ಇತ್ತು. ಪರಿಸರ ಎಂಜಿನಿಯರಿಂಗ್ ಪಾಠಕ್ಕೂ ಪರಿಸರಕ್ಕೂ ಸಂಬಂಧ ಇದೆಯೇ ಅಂತ ತೀರ್ಮಾನಿಸಲು ವಿಭಾಗ ಎರಡು ದಿನ ಮೀಟಿಂಗ್ ಮಾಡಿತು. ಗಾಳಿ ಮೇಷ್ಟ್ರು 2 ಸಾಕು ಅಂದರು. ಪೂರ್ತಿ 3 ಕೊಟ್ಟರೆ ಸಮಿತಿಗೆ ಅನುಮಾನ ಬರುತ್ತದಂತೆ.

ಸಮಿತಿ ಶುಕ್ರವಾರ ಬಂದು ಭಾನುವಾರ ಹೊರಡುವುದು ಅಂತ ಗೊತ್ತಾಯಿತು. ನೀರಿನ ಮೇಷ್ಟ್ರಿಗೆ ಖುಷಿಯೋ ಖುಷಿ. “ನೋಡ್ರೀ, ಬಂದ ದಿನವೇ ಸ್ಯಾಂಪಲ್ ತೆಗೆದ್ರೂ ಬಿಓಡಿ ರಿಸಲ್ಟ್ ಬರೋದು ಸೋಮವಾರ. ಅಷ್ಟೊತ್ತಿಗೆ ಅವರು ಊರು ಸೇರಿರ್ತಾರೆ.” ವಿಜ್ಞಾನ ಮನುಷ್ಯನನ್ನು ಹೀಗೂ ಕಾಯುತ್ತದೆ.

ಆದರೂ ಕ್ಯಾಂಪಸ್ ಸುತ್ತುವಾಗ ಟ್ಯಾಂಕ್ ಕಣ್ಣಿಗೆ ಬಿದ್ದರೆ? ಒಂದು ವರ್ಷದಿಂದ ಪಾಸಾಗದ ಬೆಲ್ಟ್ ಒಂದು ಗಂಟೆಯಲ್ಲಿ ಬಂತು. ಬಾಡಿಗೆಗೆ. ಟ್ಯಾಂಕಿನ ಹಳೇ ಕಪ್ಪು ನೀರನ್ನು ಕಾಲುವೆಗೆ ಬಿಟ್ಟರು. ಹೊಸ ಬ್ಯಾಕ್ಟೀರಿಯಾ ಬೆಳೆಸಬೇಕು ಅಂತ ಆಪರೇಟರ್ ಎರಡು ಬುಟ್ಟಿ ಸಗಣಿ, ಐದು ಕೆಜಿ ಬೆಲ್ಲ ತರಿಸಿ ಕಲೆಸಿ ಹಾಕಿದ. ಶುಕ್ರವಾರ ಸಂಜೆ ಸ್ವಿಚ್ ಒತ್ತಿದರು. ಬ್ಲೋವರ್ ಒಂದೆರಡು ಸಲ ಕೆಮ್ಮಿ ಓಡಿತು. ಪ್ರಿನ್ಸಿಪಾಲರು ತೆಂಗಿನಕಾಯಿ ಒಡೆದರು.

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಕ್ಯಾಂಟೀನು ಕಾಣುತ್ತಿಲ್ಲ.

ನೊರೆ. ಬೆಳ್ಳಗೆ, ಹತ್ತಿಯ ಹಾಗೆ, ಟ್ಯಾಂಕು ತುಂಬಿ, ಗೋಡೆ ಹತ್ತಿ, ಕ್ಯಾಂಟೀನಿನ ಕಿಟಕಿಗೆ ಒರಗಿಕೊಂಡು ನಿಂತಿತ್ತು. ಒಂದು ತುಂಡು ಹಾರಿ ಬಂದು ‘ಸ್ವಚ್ಛ ಜಲ, ಸ್ವಚ್ಛ ಕ್ಯಾಂಪಸ್’ ಅನ್ನುವ ಬ್ಯಾನರಿನ ಮೇಲೆ ಕೂತು ಜಲ ಅನ್ನುವುದನ್ನು ಮುಚ್ಚಿತ್ತು. ಬೋಂಡಾ ಹಾಕುತ್ತಿದ್ದ ಭಟ್ಟರು ಜಾಲರಿ ಹಿಡಿದುಕೊಂಡು ಆಚೆ ಬಂದು, “ಇದು ನಂದಲ್ಲ ಸ್ವಾಮಿ” ಅಂತ ಎಲ್ಲರಿಗೂ ಹೇಳುತ್ತಿದ್ದರು.

“ಕಲ್ಚರ್ ಹೊಸಾದು ಐತ್ರೀ ಸರ” ಅಂದ ಆಪರೇಟರ್. “ಬಗ್ಸ್ ಇನ್ನಾ ಸಣ್ಣವು. ಬೆಳ್ಯೂತನಕ ಹಿಂಗ ಬೆಳ್ಳನ್ ನೊರಿ ಬರ್ತೈತಿ.”

ನೂರಕ್ಕೆ ನೂರು ಸರಿ. ನೀರಿನ ಮೇಷ್ಟ್ರು 18 ವರ್ಷದಿಂದ ಇದೇ ಮಾತನ್ನು ಪಾಠ ಮಾಡಿದ್ದರು. ಕಣ್ಣಾರೆ ನೋಡಿದ್ದು ಆವತ್ತೇ. “ಅರೆ, ಬುಕ್ಕಲ್ಲಿ ಇರೋ ಹಾಗೇ ಬಂದಿದೆ ಕಣ್ರೀ!” ಅಂತ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಎಚ್‌ಓಡಿ ಮೇಡಂ ಮಾತ್ರ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ಏಕೆಂದರೆ ಮೂಲೆ ತಿರುಗಿ ಸಮಿತಿ ಬರುತ್ತಿತ್ತು.

ಅಧ್ಯಕ್ಷರು ನಿಂತರು. ನೊರೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಏನಿದು?”

ಆ ಕ್ಷಣದಲ್ಲಿ ಪ್ರಿನ್ಸಿಪಾಲರ ನಾಲಿಗೆಯ ಮೇಲೆ ಸರಸ್ವತಿ ಬಂದು ಕೂತಳು. “ಬೆಳ್ಳಂದೂರು ಕೆರೆಯ ಲೈವ್ ಮಾಡೆಲ್ ಸಾರ್. ಮಕ್ಕಳು ಅಲ್ಲೀವರೆಗೂ ಹೋಗಿ ಬರೋದು ಕಷ್ಟ ಅಂತ ಇಲ್ಲೇ ಮಾಡಿದ್ದೀವಿ.”

ಸಮಿತಿಯವರು ಮುಖ ಮುಖ ನೋಡಿಕೊಂಡರು. ಒಬ್ಬರು ಹತ್ತಿರ ಹೋಗಿ ನೊರೆಯನ್ನು ಬೆರಳಿನಿಂದ ಮುಟ್ಟಿ, ಮೂಸಿ, ದೂರ ಬಂದು, “ತುಂಬಾ ಸಹಜವಾಗಿದೆ” ಅಂದರು. ಅಧ್ಯಕ್ಷರು ಫೈಲಿನಲ್ಲಿ ಏನೋ ಬರೆದುಕೊಂಡರು. ಆಮೇಲೆ ಗೊತ್ತಾಯಿತು, ‘ಹೊಸ ಬಗೆಯ ಬೋಧನೆ’ ಅನ್ನುವ ಕಲಮಿನಲ್ಲಿ ನಮಗೆ ಪೂರ್ತಿ ಅಂಕ.

ಅದೇ ಹುಡುಗಿ ಅಲ್ಲಿ ನಿಂತಿದ್ದಳು. ಅಧ್ಯಕ್ಷರು ಪ್ರೀತಿಯಿಂದ, “ಏನಮ್ಮಾ, ಇದರ ಬಿಓಡಿ ಎಷ್ಟಿರಬಹುದು?” ಅಂತ ಕೇಳಿದರು. “ಸ್ಯಾಂಪಲ್ ತೆಗೆಯೋಕೆ ಬಿಟ್ರೆ ಮಂಗಳವಾರ ಹೇಳ್ತೀನಿ ಸಾರ್” ಅಂದಳು. ಸಮಿತಿಯ ಎದುರು ಬೇಡ ಅನ್ನುವುದು ಹೇಗೆ? ಎಸ್ಟೇಟ್ ಆಫೀಸರ್ ಹಸಿರು ಪೆನ್ನು ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡಿದರು. ಅಟೆಂಡರ್ ಮೊಸರಿನ ಪಾತ್ರೆ ಎತ್ತಿ ಜಾಗ ಮಾಡಿಕೊಟ್ಟರು.

ಸೋಮವಾರ ಸುತ್ತೋಲೆ ಬಂತು. ನೊರೆ ಮಾದರಿಯನ್ನು ಸಂಸ್ಥೆಯ ಉತ್ತಮ ರೂಢಿಯೆಂದು ಘೋಷಿಸಲಾಗಿದೆ, ಗಣ್ಯರು ಬಂದಾಗಲೆಲ್ಲ ನೊರೆ ಲಭ್ಯವಿರತಕ್ಕದ್ದು, ಇದಕ್ಕಾಗಿ ತಿಂಗಳಿಗೆ 25 ಕೆಜಿ ಬಟ್ಟೆ ಸೋಪಿನ ಪುಡಿ ಮಂಜೂರು ಮಾಡಿದೆ. ಬಾಡಿಗೆ ಬೆಲ್ಟ್ ಅವತ್ತೇ ವಾಪಸ್ ಹೋಯಿತು. ಸೋಪಿನ ಪುಡಿಯನ್ನು ಕೋಲಿನಲ್ಲಿ ಕಡೆದರೂ ನೊರೆ ಬರುತ್ತದಲ್ಲ, ಗಾಳಿಗೆ ಸುಮ್ನೆ ಕರೆಂಟ್ ಯಾಕೆ ಖರ್ಚು ಅಂತ ಆಡಳಿತಾಧಿಕಾರಿಯ ವಾದ. ಆಪರೇಟರ್ ಹುಡುಗ ಊರಿಗೆ ಫೋನ್ ಮಾಡಿ, ಪ್ರಮೋಶನ್ ಆಗಿದೆ, ಈಗ ತಾನು ಮಾಡೆಲ್ ಇನ್‌ಚಾರ್ಜ್ ಅಂತ ಹೇಳಿದ. ಸಂಬಳ ಅಷ್ಟೇ.

ಮಂಗಳವಾರ ಹುಡುಗಿಯ ರಿಸಲ್ಟ್ ಬಂತು. 8 ಅಲ್ಲ. ಮೂರಂಕಿ. ಅವಳು ಹಾಳೆ ಹಿಡಿದುಕೊಂಡು ಎಚ್‌ಓಡಿ ರೂಮಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಮೇಡಂ ತುಂಬಾ ಹೊತ್ತು ಹಾಳೆ ನೋಡಿದರು. ಟೈಟ್ರೇಶನ್ ರೀಡಿಂಗುಗಳನ್ನು ಒಂದೊಂದಾಗಿ ತಾವೇ ಕೂಡಿಸಿ ನೋಡಿದರು. ಒಂದು ಕಾಲದಲ್ಲಿ ಅವರೂ ಒಳ್ಳೆ ಎಂಜಿನಿಯರೇ ಇದ್ದರು ಅಂತ ನನಗೆ ಆಗ ಅನ್ನಿಸಿತು.

“ತಪ್ಪಿಲ್ಲ ಕಣಮ್ಮ, ಚೆನ್ನಾಗಿ ಮಾಡಿದ್ದೀಯ” ಅಂದರು. “ಬೆಳ್ಳಂದೂರು ಅಂತ ಹೆಡಿಂಗ್ ಹಾಕಿ ಸಬ್ಮಿಟ್ ಮಾಡು.”

“ಮೇಡಂ, ಸ್ಯಾಂಪಲ್ ತೆಗೆದ ಜಾಗ ಅಂತ ಒಂದು ಕಾಲಂ ಇದೆ. ಅಲ್ಲಿ ಏನು ಬರೀಲಿ?”

ಮೇಡಂ ಕಿಟಕಿಯ ಆಚೆ, ಕ್ಯಾಂಟೀನಿನ ಕಡೆ ಒಂದು ಸಲ ನೋಡಿದರು.

“ಅಪ್‌ಸ್ಟ್ರೀಮ್ ಅಂತ ಬರಿ.”